ಶಾಲಾ ಆಪ್ತಸಮಾಲೋಚನೆ

ಓದು, ಮನಸ್ಸು, ನಡವಳಿಕೆ, ಮನೆಯ ಪರಿಸ್ಥಿತಿ, ಮುಂದಿನ ಉದ್ಯೋಗ ಮುಂತಾದ ವಿಷಯಗಳಲ್ಲಿ ತೊಡಕಿಗೆ ಸಿಲುಕಿದ ವಿದ್ಯಾರ್ಥಿಯ ಜೊತೆ ತರಬೇತಿ ಪಡೆದ ವ್ಯಕ್ತಿಯೊಬ್ಬರು ಕುಳಿತು, ಹೇಳಿದ್ದನ್ನು ಗಮನವಿಟ್ಟು ಕೇಳಿ, ಆ ಮಗು ತನ್ನ ದಾರಿಯನ್ನು ತಾನೇ ಕಂಡುಕೊಳ್ಳಲು ನೆರವಾಗುವ ವ್ಯವಸ್ಥೆ. ಈ ಕೆಲಸ ಮಾಡುವವರು ಶಾಲಾ ಆಪ್ತಸಮಾಲೋಚಕರು ಅಥವಾ ಆಪ್ತ ಸಲಹೆಗಾರರು. ನಗರದ ಖಾಸಗಿ ಶಾಲೆಗಳ ಮಕ್ಕಳಿಗೆ ಅವರು ‘ಕೌನ್ಸೆಲರ್ ಮಿಸ್’. ಅವರು ಪಾಠ ಮಾಡುವುದಿಲ್ಲ, ಅಂಕ ಹಾಕುವುದಿಲ್ಲ, ಶಿಕ್ಷೆ ಕೊಡುವುದಿಲ್ಲ. ಹುದ್ದೆಯ ಬಲವೆಲ್ಲ ಇರುವುದು ಇಲ್ಲೇ. ತನ್ನ ಬಗ್ಗೆ ತೀರ್ಪು ಕೊಡುವ ಅಧಿಕಾರವುಳ್ಳವರ ಎದುರು ಮಗು ಮನಸ್ಸು ಬಿಚ್ಚುವುದಿಲ್ಲ. ಶಿಕ್ಷಕರು ಎಷ್ಟೇ ಅಕ್ಕರೆಯವರಾದರೂ ಅವರ ಕೈಯಲ್ಲಿ ಅಂಕಪಟ್ಟಿ ಇದ್ದೇ ಇರುತ್ತದೆ.

ಹುಟ್ಟು

ಶಾಲೆಗಳಲ್ಲಿ ಈ ಕೆಲಸ ಮೊದಲು ಬೇರೂರಿದ್ದು ಉದ್ಯೋಗದ ಪ್ರಶ್ನೆಯ ಮೂಲಕ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕೈಗಾರಿಕಾ ನಗರಗಳು ಭರದಿಂದ ಬೆಳೆಯುತ್ತಿದ್ದವು. ಶಾಲೆ ಬಿಟ್ಟ ಹುಡುಗ ಹುಡುಗಿಯರು ಸಿಕ್ಕ ಕೆಲಸಕ್ಕೆ ಸೇರಿ, ಅದು ಒಗ್ಗದೆ ಬಿಟ್ಟು, ಮತ್ತೊಂದಕ್ಕೆ ಅಲೆಯುತ್ತಿದ್ದರು. ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಜೆಸ್ಸಿ ಡೇವಿಸ್ 1907ರಲ್ಲಿ ಇಂಗ್ಲಿಷ್ ಪ್ರಬಂಧ ಬರೆಯುವ ತರಗತಿಯಲ್ಲೇ ವಾರಕ್ಕೊಮ್ಮೆ ವೃತ್ತಿ ಮತ್ತು ನಡತೆಯ ಬಗ್ಗೆ ಮಕ್ಕಳು ಯೋಚಿಸಿ ಬರೆಯುವಂತೆ ಏರ್ಪಾಡು ಮಾಡಿಸಿದರು. ಮರುವರ್ಷ ಬಾಸ್ಟನ್‌ನಲ್ಲಿ ಫ್ರಾಂಕ್ ಪಾರ್ಸನ್ಸ್ ವೃತ್ತಿ ಮಾರ್ಗದರ್ಶನ ಕೇಂದ್ರ ತೆರೆದರು. ತನ್ನನ್ನು ತಾನು ಅರಿಯುವುದು, ಕೆಲಸಗಳ ಲೋಕವನ್ನು ಅರಿಯುವುದು, ಎರಡನ್ನೂ ಕೂಡಿಸಿ ವಿವೇಕದಿಂದ ಆರಿಸಿಕೊಳ್ಳುವುದು ಎಂಬ ಮೂರು ಹೆಜ್ಜೆಗಳನ್ನು ಅವರು ಗುರುತಿಸಿದರು. ಅದೇ ವರ್ಷ ಅವರು ತೀರಿಕೊಂಡರು. ಅವರ ಪುಸ್ತಕ ಬೆಳಕು ಕಂಡದ್ದು 1909ರಲ್ಲಿ. ಇಂದಿಗೂ ಹತ್ತನೆಯ ತರಗತಿಯ ಮಕ್ಕಳಿಗೆ ನಡೆಸುವ ವೃತ್ತಿ ಮಾರ್ಗದರ್ಶನದ ಅಡಿಪಾಯ ಈ ಮೂರು ಹೆಜ್ಜೆಗಳೇ.

ಮನಸ್ಸಿನ ಆಳಕ್ಕೆ ಇಳಿಯುವ ತಿರುವು ಬಂದದ್ದು ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರಿಂದ. ಸಲಹೆ ಕೊಡುವವರ ಜಾಣತನಕ್ಕಿಂತ ಕೇಳಿಸಿಕೊಳ್ಳುವವರ ಒಪ್ಪಿಕೊಳ್ಳುವ ಗುಣ, ಪ್ರಾಮಾಣಿಕತೆ, ಎದುರಿನವರ ಭಾವವನ್ನು ಅವರ ಜಾಗದಲ್ಲಿ ನಿಂತು ಅರಿಯುವ ಶಕ್ತಿ ದೊಡ್ಡದು ಎಂದು ಅವರು 1940ರ ಮತ್ತು 50ರ ದಶಕಗಳಲ್ಲಿ ವಾದಿಸಿದರು. ಆಪ್ತಸಮಾಲೋಚನೆಯ ತರಬೇತಿ ಎಲ್ಲೇ ನಡೆಯಲಿ, ಆರಂಭದ ಪಾಠಗಳಲ್ಲಿ ಈ ಮಾತು ಇರುತ್ತದೆ. ಹುದ್ದೆಗಳ ಸಂಖ್ಯೆ ಹೆಚ್ಚಿದ್ದಕ್ಕೆ ಮಾತ್ರ ಬೇರೆಯೇ ಕಾರಣವಿತ್ತು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಗಾಬರಿಗೊಂಡ ಅಮೆರಿಕ, ಪ್ರತಿಭಾವಂತ ಮಕ್ಕಳನ್ನು ಗುರುತಿಸಿ ವಿಜ್ಞಾನದತ್ತ ತರಲು 1958ರಲ್ಲಿ ಒಂದು ಶಿಕ್ಷಣ ಕಾಯ್ದೆ ಮಾಡಿತು; ಶಾಲಾ ಸಮಾಲೋಚಕರ ತರಬೇತಿಗೆ ಅದರಿಂದ ಹಣ ಹರಿಯಿತು. ಅಲ್ಲಿನ ವೃತ್ತಿಸಂಘ 250 ಮಕ್ಕಳಿಗೆ ಒಬ್ಬರು ಇರಬೇಕು ಎನ್ನುತ್ತದೆ.

ಭಾರತದಲ್ಲಿ

ನಮ್ಮಲ್ಲಿ ಇದು ತೀರ ಹೊಸದೇನಲ್ಲ. ಕಲ್ಕತ್ತ ವಿಶ್ವವಿದ್ಯಾಲಯ 1938ರಲ್ಲೇ ಮಾರ್ಗದರ್ಶನದ ಅಧ್ಯಯನಕ್ಕೆ ಕೈಹಾಕಿತ್ತು. 1947ರಲ್ಲಿ ಅಲಹಾಬಾದಿನಲ್ಲಿ ಸರ್ಕಾರಿ ಮನೋವಿಜ್ಞಾನ ಕೇಂದ್ರ ಬಂತು. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗ (1952–53) ಒಂದೇ ಸೂರಿನಡಿ ಕೃಷಿ, ವಾಣಿಜ್ಯ, ತಾಂತ್ರಿಕ ವಿಷಯಗಳನ್ನೆಲ್ಲ ಕಲಿಸುವ ಬಹೂದ್ದೇಶ ಶಾಲೆಗಳನ್ನು ಸೂಚಿಸಿತು. ಹಾಗೆ ಆಯ್ಕೆಗಳು ಹೆಚ್ಚಿದಾಗ ಆರಿಸಿಕೊಳ್ಳಲು ನೆರವು ಬೇಕಾಗುತ್ತದೆ. ಆದ್ದರಿಂದ ಮಾರ್ಗದರ್ಶನ ಅಧಿಕಾರಿಗಳನ್ನೂ ವೃತ್ತಿ ಶಿಕ್ಷಕರನ್ನೂ ಎಲ್ಲ ಶಾಲೆಗಳಿಗೆ ಹಂತಹಂತವಾಗಿ ಒದಗಿಸಬೇಕೆಂದಿತು. 1954ರಲ್ಲಿ ಕೇಂದ್ರ ಸರ್ಕಾರ ಇದಕ್ಕಾಗಿಯೇ ಒಂದು ಕೇಂದ್ರವನ್ನು ತೆರೆಯಿತು. ಡಿ. ಎಸ್. ಕೊಠಾರಿ ನೇತೃತ್ವದ ಆಯೋಗ (1964–66) ಇನ್ನೂ ಮುಂದೆ ಹೋಗಿ, ಮಾರ್ಗದರ್ಶನ ಪ್ರಾಥಮಿಕ ಹಂತದಿಂದಲೇ ಶಿಕ್ಷಣದ ಅಂಗವಾಗಿರಬೇಕು, ಕನಿಷ್ಠಪಕ್ಷ ಹತ್ತು ಪ್ರೌಢಶಾಲೆಗಳಿಗೆ ಒಬ್ಬ ಸಂಚಾರಿ ಸಮಾಲೋಚಕರು ಇರಬೇಕು ಎಂದಿತು.

ಹತ್ತು ಶಾಲೆಗೆ ಒಬ್ಬರು ಎಂಬುದು ಬಡ ದೇಶವೊಂದು ತನ್ನ ಶಕ್ತಿಯನ್ನು ಅಳೆದು ಇಟ್ಟುಕೊಂಡ ಅತಿ ಚಿಕ್ಕ ಗುರಿ. ಅಷ್ಟೂ ದೇಶದ ಬಹುಭಾಗದಲ್ಲಿ ಈಡೇರಲಿಲ್ಲ ಎಂಬುದನ್ನು ನೋವಿನಿಂದಲೇ ಹೇಳಬೇಕು. ದೆಹಲಿ ಸರ್ಕಾರ ತನ್ನ ಶಾಲೆಗಳಿಗೆ ಮಾರ್ಗದರ್ಶನ ಸಮಾಲೋಚಕರ ಪ್ರತ್ಯೇಕ ಹುದ್ದೆಗಳನ್ನೇ ಸೃಷ್ಟಿಸಿತು. ಕೇಂದ್ರೀಯ ವಿದ್ಯಾಲಯಗಳು ಗುತ್ತಿಗೆಯ ಮೇಲೆ ತೆಗೆದುಕೊಳ್ಳುತ್ತವೆ. ಸಿಬಿಎಸ್‌ಇ 1998ರಿಂದ ಪರೀಕ್ಷೆಯ ಸಮಯದಲ್ಲಿ ದೂರವಾಣಿ ಸಮಾಲೋಚನೆ ನಡೆಸುತ್ತಿದೆ; 2018ರ ಅದರ ಮಾನ್ಯತಾ ನಿಯಮಗಳು ಪ್ರೌಢ ಮತ್ತು ಹಿರಿಯ ಪ್ರೌಢಶಾಲೆಗಳಲ್ಲಿ ಸಮಾಲೋಚಕರು ಇರಲೇಬೇಕೆಂದವು, 9ರಿಂದ 12ನೆಯ ತರಗತಿವರೆಗೆ 300ಕ್ಕಿಂತ ಕಡಿಮೆ ಮಕ್ಕಳಿರುವಲ್ಲಿ ಅರೆಕಾಲಿಕರಾದರೂ ಸಾಕೆಂದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಮಾಲೋಚಕರ, ಸಮಾಜ ಕಾರ್ಯಕರ್ತರ ಅಗತ್ಯವನ್ನು ಎತ್ತಿ ಹೇಳಿತು. ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ಶಿಕ್ಷಣ ಸಚಿವಾಲಯ ‘ಮನೋದರ್ಪಣ’ ಎಂಬ ಯೋಜನೆಯನ್ನೂ 8448440632 ಎಂಬ ಉಚಿತ ಸಹಾಯವಾಣಿಯನ್ನೂ ಆರಂಭಿಸಿತು.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಈ ಇತಿಹಾಸದಲ್ಲಿ ಬಹು ಮುಖ್ಯವಾದುದು. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ನ್ಯಾಯಾಲಯವು ಸೂಕ್ತ ಕಾನೂನು ಅಥವಾ ನಿಯಮಾವಳಿ ಬರುವವರೆಗೆ ದೇಶದಾದ್ಯಂತ ಪಾಲಿಸಬೇಕಾದ ಸೂಚನೆಗಳನ್ನು ಹೊರಡಿಸಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಿಯಾದ ಒಬ್ಬ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರಾದರೂ ಇರಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು. ಅಂಕಗಳ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚುಗಳಾಗಿ ಒಡೆಯುವುದನ್ನು ಕೈಬಿಡಬೇಕು ಎಂಬವು ಅವುಗಳಲ್ಲಿ ಕೆಲವು. ದೇಶದಲ್ಲಿ ಒಂದೇ ವರ್ಷ, 2022ರಲ್ಲಿ, 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡಿದ್ದಾರೆ ಎಂಬ ಸರ್ಕಾರಿ ಅಂಕಿಯನ್ನು ನೆನೆದರೆ, 1953ರ ಶಿಫಾರಸು 2025ರಲ್ಲಿ ಆದೇಶವಾದದ್ದು ಎಷ್ಟು ತಡ ಎಂಬುದು ತಿಳಿಯುತ್ತದೆ.

ಕೆಲಸದ ಬಗೆ

ಮಗು ಸಮಾಲೋಚಕರ ಬಳಿಗೆ ಬರುವ ದಾರಿಗಳು ಹಲವು. ತಾನಾಗಿ ಬರುವುದುಂಟು, ಪಡಸಾಲೆಯ ಪೆಟ್ಟಿಗೆಯಲ್ಲಿ ಚೀಟಿ ಹಾಕುವುದುಂಟು, ಗೆಳತಿ ಕೈಹಿಡಿದು ಕರೆತರುವುದುಂಟು. ಹೆಚ್ಚಿನ ಸಲ ಕಳಿಸುವವರು ಶಿಕ್ಷಕರು: ಹೋಂವರ್ಕ್ ಮಾಡುತ್ತಿಲ್ಲ, ತರಗತಿಯಲ್ಲಿ ನಿದ್ದೆ ಮಾಡುತ್ತಾನೆ, ಹೊಡೆದಾಡುತ್ತಾನೆ, ಇದ್ದಕ್ಕಿದ್ದಂತೆ ಮೌನವಾಗಿದ್ದಾಳೆ. ದೂರು ಒಂದಿರುತ್ತದೆ, ಅದರ ಹಿಂದಿನ ಕಥೆ ಬೇರೆ ಇರುತ್ತದೆ. ನಿದ್ದೆಗೆಡುವ ಮಗುವಿನ ಮನೆಯಲ್ಲಿ ರಾತ್ರಿ ಕುಡಿದು ಬರುವ ಅಪ್ಪನಿರಬಹುದು. ಮೌನವಾದವಳನ್ನು ಗೆಳತಿಯರ ಗುಂಪು ವಾಟ್ಸಾಪಿನಿಂದ ಹೊರಹಾಕಿರಬಹುದು. ಹೊಡೆದಾಡುವವನಿಗೆ ಸಾಲುಗಳನ್ನು ಓದಲಾಗದ ಅವಮಾನವಿರಬಹುದು. ಕನ್ನಡ ಮಾಧ್ಯಮದಲ್ಲಿ ಚೆನ್ನಾಗಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದವರು ಮೊದಲ ಕೆಲವು ತಿಂಗಳು ಇಂಗ್ಲಿಷ್ ಪಾಠ ತಲೆಗೆ ಹತ್ತದೆ ತಮ್ಮನ್ನು ದಡ್ಡರೆಂದು ನಂಬಿಬಿಡುತ್ತಾರೆ. ಹಾಸ್ಟೆಲಿಗೆ ಬಂದ ಐದಾರನೆಯ ತರಗತಿಯ ಮಕ್ಕಳ ಹೊಟ್ಟೆನೋವಿನ ಹಿಂದೆ ಎಷ್ಟೋ ಸಲ ಇರುವುದು ಮನೆಯ ಹಂಬಲ.

ಒಂದು ಭೇಟಿ ಸಾಮಾನ್ಯವಾಗಿ ಶಾಲೆಯ ಒಂದು ಪೀರಿಯಡ್ ಅವಧಿಯದು. ಮೊದಲ ಭೇಟಿಯಲ್ಲಿ ಸಮಸ್ಯೆಗೆ ಕೈಹಾಕುವುದಕ್ಕಿಂತ ನಂಬಿಕೆ ಹುಟ್ಟಿಸುವುದೇ ಮುಖ್ಯ. ಚಿಕ್ಕ ಮಕ್ಕಳ ಜೊತೆ ಮಾತಿಗಿಂತ ಚಿತ್ರ, ಮಣ್ಣು, ಗೊಂಬೆ, ಕಥೆ ಹೆಚ್ಚು ಕೆಲಸ ಮಾಡುತ್ತವೆ. ಮನೆಯವರನ್ನೆಲ್ಲ ಬಿಡಿಸು ಎಂದಾಗ ಮಗು ಯಾರನ್ನು ದೊಡ್ಡದಾಗಿ ಬರೆಯಿತು, ಯಾರನ್ನು ಬಿಟ್ಟಿತು ಎಂಬುದು ಮಾತಿಗೆ ದಾರಿಯಾಗುತ್ತದೆ. ಹದಿಹರೆಯದವರಿಗೆ ನೇರ ಪ್ರಶ್ನೆಗಳ ಮಳೆ ಹಿಡಿಸುವುದಿಲ್ಲ. ‘ನಿನ್ನ ವಯಸ್ಸಿನಲ್ಲಿ ನಾವು ಹೀಗಿರಲಿಲ್ಲ’ ಎಂಬ ಮಾತು ಬಂದ ಕ್ಷಣಕ್ಕೆ ಬಾಗಿಲು ಮುಚ್ಚಿತೆಂದೇ ಅರ್ಥ. ಉಪದೇಶಕ್ಕೂ ಆಪ್ತಸಮಾಲೋಚನೆಗೂ ಇರುವ ಅಂತರವನ್ನು ಅನೇಕ ಶಾಲೆಗಳ ಆಡಳಿತ ಇನ್ನೂ ಗ್ರಹಿಸಿಲ್ಲ. ‘ಈ ಹುಡುಗನಿಗೆ ಸ್ವಲ್ಪ ಬುದ್ಧಿ ಹೇಳಿ’ ಎಂದು ಕಳಿಸುವುದು ಇಂದಿಗೂ ಸಾಮಾನ್ಯ.

ಒಬ್ಬೊಬ್ಬರನ್ನು ಭೇಟಿಯಾಗುವುದು ಕೆಲಸದ ಒಂದು ಭಾಗವಷ್ಟೇ. ಇಡೀ ತರಗತಿಗೆ ಜೀವನ ಕೌಶಲದ ಚಟುವಟಿಕೆಗಳನ್ನು ನಡೆಸುವುದು, ಕೀಟಲೆ ಕಿರುಕುಳವಾಗುವ ಗಡಿಯನ್ನು ಮಕ್ಕಳ ಬಾಯಿಂದಲೇ ಹೇಳಿಸುವುದು, ಪಾಲಕರ ಸಭೆಯಲ್ಲಿ ಮಾತಾಡುವುದು, ಶಿಕ್ಷಕರಿಗೆ ಲಕ್ಷಣಗಳನ್ನು ಗುರುತಿಸಲು ಕಲಿಸುವುದು ಎಲ್ಲವೂ ಅದರಲ್ಲಿ ಸೇರಿವೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಗುರುತಿಸಿದ ಹತ್ತು ಜೀವನ ಕೌಶಲಗಳನ್ನು (ನಿರ್ಧಾರ ಕೈಗೊಳ್ಳುವುದು, ಒತ್ತಡ ನಿಭಾಯಿಸುವುದು, ಇತರರ ಭಾವನೆ ಅರಿಯುವುದು ಮುಂತಾದವು) ನಮ್ಮ ಶಾಲೆಗಳಿಗೆ ಹೊಂದುವಂತೆ ಪಾಠಗಳಾಗಿ ರೂಪಿಸಿದವರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ತಜ್ಞರು ಪ್ರಮುಖರು.

ಗೋಪ್ಯತೆ ಮತ್ತು ಕಾನೂನು

‘ಮಿಸ್, ಅಮ್ಮಂಗೆ ಹೇಳ್ಬೇಡಿ’ ಎಂಬ ಮಾತಿನಿಂದ ಶುರುವಾಗುವ ಭೇಟಿಗಳು ಅನೇಕ. ಹೇಳಿದ್ದು ಆ ಕೊಠಡಿಯಿಂದ ಹೊರಗೆ ಹೋಗದು ಎಂಬ ಭರವಸೆ ಇಲ್ಲದೆ ಈ ಕೆಲಸವೇ ಇಲ್ಲ. ಆದರೆ ಆ ಭರವಸೆಗೆ ಮೂರು ಮಿತಿಗಳಿವೆ: ಮಗು ತನಗೇ ಹಾನಿ ಮಾಡಿಕೊಳ್ಳುವ ಅಪಾಯ, ಬೇರೆಯವರಿಗೆ ಹಾನಿ ಮಾಡುವ ಅಪಾಯ, ಮಗುವಿನ ಮೇಲೆ ಯಾರಾದರೂ ದೌರ್ಜನ್ಯ ನಡೆಸುತ್ತಿರುವುದು. ಒಳ್ಳೆಯ ಸಮಾಲೋಚಕರು ಈ ಮಿತಿಗಳನ್ನು ಮೊದಲ ದಿನವೇ, ಮಗುವಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸುತ್ತಾರೆ. ಎಲ್ಲ ಕೇಳಿದ ಮೇಲೆ ‘ಇದನ್ನು ಹೇಳಲೇಬೇಕಾಗುತ್ತದೆ’ ಎಂದರೆ ಮಗುವಿಗೆ ಅದು ಮೋಸವಾಗಿ ಕಾಣುತ್ತದೆ.

2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ, 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು, ತಿಳಿಸದಿರುವುದು ಶಿಕ್ಷಾರ್ಹ. ಸಮಾಲೋಚಕರಿಗೂ ಇದರಿಂದ ವಿನಾಯಿತಿ ಇಲ್ಲ. ಮನೆಯ ಮಾನ, ಶಾಲೆಯ ಹೆಸರು ಎಂದು ಮುಚ್ಚಿಡುವ ಒತ್ತಡ ಬಂದಾಗ ಈ ಕಾನೂನು ಸಮಾಲೋಚಕರ ಬೆನ್ನಿಗೆ ನಿಲ್ಲುತ್ತದೆ. ಇದರ ಇನ್ನೊಂದು ಮುಖವೂ ಇದೆ. ಪರಸ್ಪರ ಇಷ್ಟಪಟ್ಟ ಹದಿನೇಳರ ಇಬ್ಬರ ಸಂಬಂಧವೂ ಇದೇ ಕಾಯ್ದೆಯ ವ್ಯಾಪ್ತಿಗೆ ಬರಬಹುದಾದ್ದರಿಂದ, ಸಹಾಯ ಕೇಳಿ ಬಂದ ಹುಡುಗಿ ಪೊಲೀಸ್ ಠಾಣೆಯ ಭಯಕ್ಕೆ ಅರ್ಧಕ್ಕೇ ಮಾತು ನಿಲ್ಲಿಸುತ್ತಾಳೆ. ವೃತ್ತಿಯಲ್ಲಿರುವವರನ್ನು ತುಂಬ ಕಾಡುವ ಇಕ್ಕಟ್ಟುಗಳಲ್ಲಿ ಇದೊಂದು.

ಸಾಯುವ ಯೋಚನೆಯ ಸುಳಿವು ಸಿಕ್ಕಾಗ ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ನಮ್ಮಲ್ಲಿ ವ್ಯಾಪಕವಾಗಿದೆ. ಸಂಶೋಧನೆಗಳು ಅದನ್ನು ಸಮರ್ಥಿಸುವುದಿಲ್ಲ. ಕೇಳಿದಾಗ ಹೆಚ್ಚಿನವರಿಗೆ ಒಳಗಿನ ಭಾರ ಇಳಿದಂತಾಗುತ್ತದೆ. ಆಮೇಲೆ ಮಗುವನ್ನು ಒಂಟಿಯಾಗಿ ಬಿಡದಿರುವುದು, ಮನೆಯವರನ್ನು ಕರೆಸಿ ಗದರದೆ ಜೊತೆಗಿರುವಂತೆ ಒಪ್ಪಿಸುವುದು, ಅಪಾಯಕ್ಕೆ ಎಡೆಮಾಡುವ ವಸ್ತುಗಳನ್ನು ಮನೆಯಲ್ಲಿ ಕೈಗೆಟುಕದಂತೆ ಮಾಡಿಸುವುದು, ಮನೋವೈದ್ಯರಿಗೆ ತೋರಿಸುವುದು, ಮಗು ಶಾಲೆಗೆ ಮರಳಿದ ಮೇಲೂ ವಾರವಾರ ವಿಚಾರಿಸುವುದು ನಡೆಯಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸುತ್ತದೆ, ಆರೈಕೆ ನೀಡುವ ಹೊಣೆಯನ್ನು ಸರ್ಕಾರಕ್ಕೆ ವಹಿಸುತ್ತದೆ. ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮನಸ್ ಸಹಾಯವಾಣಿ 14416 ದಿನದ ಎಲ್ಲ ಹೊತ್ತೂ ಕನ್ನಡದಲ್ಲೂ ಸಿಗುತ್ತದೆ; ಮಕ್ಕಳ ಸಹಾಯವಾಣಿ 1098.

ಕಲಿಕೆಯ ತೊಡಕು ಮತ್ತು ಪರೀಕ್ಷೆಗಳು

ಓದುಬರಹ ಲೆಕ್ಕಗಳಲ್ಲಿ ಮಗು ಹಿಂದುಳಿದಾಗ ಅದು ಬುದ್ಧಿಮಟ್ಟದ ಪ್ರಶ್ನೆಯೋ, ನಿರ್ದಿಷ್ಟ ಕಲಿಕಾ ನ್ಯೂನತೆಯೋ, ಕಲಿಸಿದ ರೀತಿಯ ದೋಷವೋ ಎಂದು ಬೇರ್ಪಡಿಸಿ ನೋಡಬೇಕಾಗುತ್ತದೆ. ಈ ಕ್ಷೇತ್ರದಲ್ಲಿ ಕನ್ನಡ ನಾಡಿಗೆ ಹಳೆಯ ಹಾಗೂ ಹೆಮ್ಮೆಯ ಸಂಬಂಧವಿದೆ. ಫ್ರೆಂಚ್ ಮನಶ್ಶಾಸ್ತ್ರಜ್ಞ ಬಿನೆ ಅವರ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಮುಂಬೈ ಕರ್ನಾಟಕದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗುವಂತೆ ರೂಪಿಸಿದರು. ‘ಬಿನೆ–ಕಾಮತ್ ಪರೀಕ್ಷೆ’ ಎಂಬ ಹೆಸರಿನಿಂದ ಅದು ಬಹುಕಾಲದಿಂದ ದೇಶದ ಆಸ್ಪತ್ರೆಗಳಲ್ಲೂ ಶಾಲೆಗಳಲ್ಲೂ ಬಳಕೆಯಲ್ಲಿದೆ. ನಿಮ್ಹಾನ್ಸ್‌ನ ಮನಶ್ಶಾಸ್ತ್ರಜ್ಞೆ ಮಾಳವಿಕಾ ಕಪೂರ್ ಮತ್ತು ಸಂಗಡಿಗರು ಕಲಿಕಾ ನ್ಯೂನತೆಯನ್ನು ಅಳೆಯುವ ಸಾಧನವನ್ನು ಸಿದ್ಧಪಡಿಸಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದ ಮೇಲೆ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಮುಂತಾದ ಸೌಲಭ್ಯಗಳಿಗೆ ಗಟ್ಟಿಯಾದ ಕಾನೂನಿನ ಆಧಾರ ದೊರೆಯಿತು. ಲಕ್ಷಣಗಳನ್ನು ಗುರುತಿಸಿ, ಪಾಲಕರ ಅಂಜಿಕೆ ಬಿಡಿಸಿ, ಪ್ರಮಾಣಪತ್ರದ ಓಡಾಟದಲ್ಲಿ ಜೊತೆಗಿರುವುದು ಸಮಾಲೋಚಕರ ಪಾಲಿನದು. ಬುದ್ಧಿಪರೀಕ್ಷೆ ನಡೆಸಿ ನ್ಯೂನತೆ ಇದೆ ಎಂದು ಬರೆದುಕೊಡುವುದು ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಕೆಲಸ. ಸಮಾಲೋಚಕರು ಆ ಗೆರೆ ದಾಟಬಾರದು.

ಮುಂದಿನ ಓದಿನ ಆಯ್ಕೆ

ಎಸ್‌ಎಸ್‌ಎಲ್‌ಸಿ ಆದ ಮೇಲೆ ಪಿಯುಸಿ, ಡಿಪ್ಲೊಮಾ, ಐಟಿಐ ಇವುಗಳಲ್ಲಿ ಯಾವುದು ಎಂಬ ಪ್ರಶ್ನೆಯನ್ನು ಹೆಚ್ಚಿನ ಮನೆಗಳಲ್ಲಿ ತೀರ್ಮಾನಿಸುವುದು ಅಂಕ, ಅಕ್ಕಪಕ್ಕದವರ ಮಾತು ಮತ್ತು ಬಸ್ಸಿನ ಸೌಕರ್ಯ. ಆಸಕ್ತಿ ಮತ್ತು ಸಾಮರ್ಥ್ಯದ ಪರೀಕ್ಷೆಗಳು ದಿಕ್ಕು ತೋರಬಲ್ಲವು, ಉತ್ತರ ಕೊಡಲಾರವು. ಸಾವಿರಾರು ರೂಪಾಯಿ ಪಡೆದು ಬೆರಳಚ್ಚಿನಿಂದ ಮಗುವಿನ ಭವಿಷ್ಯ ಹೇಳುವ ವ್ಯಾಪಾರಕ್ಕೆ ವೈಜ್ಞಾನಿಕ ಆಧಾರವಿಲ್ಲ. ಅದನ್ನು ಶಾಲೆಯ ಆವರಣದೊಳಕ್ಕೆ ಬಿಟ್ಟುಕೊಳ್ಳಲೇಬಾರದು. ಫಲಿತಾಂಶದ ದಿನ ಅನುತ್ತೀರ್ಣರಾದ ಮಕ್ಕಳಿಗೆ ಹೇಳಲು ಕರ್ನಾಟಕದಲ್ಲಿ ಈಗ ಒಂದು ಗಟ್ಟಿ ಮಾತಿದೆ: 2024ರಿಂದ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದಿರುವುದರಿಂದ ಒಂದು ಸೋಲಿಗೆ ಇಡೀ ವರ್ಷ ಕಳೆದುಹೋಗುವುದಿಲ್ಲ.

ಶಿಕ್ಷಕರೇ ಸಮಾಲೋಚಕರಾಗಬಹುದೇ?

ಹಣದ ಕೊರತೆಯಿರುವ ಕಡೆಗಳಲ್ಲೆಲ್ಲ ಸುಲಭವಾಗಿ ಹೊಳೆಯುವ ಉಪಾಯ, ಇರುವ ಶಿಕ್ಷಕರಿಗೇ ನಾಲ್ಕು ದಿನದ ತರಬೇತಿ ಕೊಡುವುದು. 2020ರಲ್ಲಿ ಆಯುಷ್ಮಾನ್ ಭಾರತದಡಿ ಬಂದ ಶಾಲಾ ಆರೋಗ್ಯ ಕಾರ್ಯಕ್ರಮವೂ ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳನ್ನಾಗಿ ಗುರುತಿಸುತ್ತದೆ. ಅದರಿಂದ ಅರಿವು ಹೆಚ್ಚುತ್ತದೆ, ನಿಜ. ಆದರೆ ಬಿಹಾರದ ನಳಂದಾ ಜಿಲ್ಲೆಯಲ್ಲಿ ನಡೆದು 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ‘ಸೆಹೆರ್’ ಅಧ್ಯಯನವನ್ನು ಈ ಚರ್ಚೆಯಲ್ಲಿ ಮರೆಯುವಂತಿಲ್ಲ. ಸಚಿನ್ ಶಿಂದೆ, ವಿಕ್ರಂ ಪಟೇಲ್ ಮತ್ತು ಸಂಗಡಿಗರು ಎಪ್ಪತ್ತಕ್ಕೂ ಹೆಚ್ಚು ಸರ್ಕಾರಿ ಪ್ರೌಢಶಾಲೆಗಳನ್ನು ಮೂರು ಗುಂಪು ಮಾಡಿದರು. ಒಂದರಲ್ಲಿ ಸ್ಥಳೀಯರನ್ನೇ ತರಬೇತುಗೊಳಿಸಿ ಸಮಾಲೋಚಕರಾಗಿ ನೇಮಿಸಿದರು. ಇನ್ನೊಂದರಲ್ಲಿ ಅದೇ ಕಾರ್ಯಕ್ರಮವನ್ನು ಶಿಕ್ಷಕರಿಗೆ ಒಪ್ಪಿಸಿದರು. ಮೂರನೆಯದರಲ್ಲಿ ಎಂದಿನ ಜೀವನ ಕೌಶಲದ ಪಾಠಗಳಷ್ಟೇ. ಸಮಾಲೋಚಕರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಖಿನ್ನತೆಯ ಲಕ್ಷಣಗಳೂ ಕಿರುಕುಳವೂ ಇಳಿದವು. ಶಿಕ್ಷಕರು ನಡೆಸಿದ ಕಡೆ ಅಂಥ ಪರಿಣಾಮ ಕಾಣಲಿಲ್ಲ.

ಇದನ್ನು ಶಿಕ್ಷಕರ ಸೋಲೆಂದು ಓದುವುದು ಅನ್ಯಾಯ. ಬಿಸಿಯೂಟದ ಲೆಕ್ಕ, ಚುನಾವಣೆಯ ಕೆಲಸ, ಸಮೀಕ್ಷೆ, ಅದರ ನಡುವೆ ಪಾಠ ಮುಗಿಸುವ ಅವಸರ ಇರುವವರಿಗೆ ಒಂದು ಮಗುವಿನ ಎದುರು ನಲವತ್ತು ನಿಮಿಷ ಸುಮ್ಮನೆ ಕೂರಲು ಬಿಡುವೆಲ್ಲಿ? ಅಂಕವೂ ಶಿಸ್ತೂ ತಮ್ಮ ಕೈಯಲ್ಲೇ ಇರುವಾಗ ಮಗು ಅವರೆದುರು ಎಲ್ಲವನ್ನೂ ಹೇಳಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಈ ಅಧ್ಯಯನದಿಂದ ಆಡಳಿತಗಾರರು ಕಲಿಯಬೇಕಾದ ಇನ್ನೊಂದು ಪಾಠ ಆಶಾದಾಯಕವಾದದ್ದು. ಸ್ನಾತಕೋತ್ತರ ಮನಶ್ಶಾಸ್ತ್ರಜ್ಞರೇ ಸಿಗಬೇಕೆಂದು ಕಾಯುವ ಅಗತ್ಯವಿಲ್ಲ. ಊರಿನ ಭಾಷೆ ಬಲ್ಲ, ಸರಿಯಾಗಿ ತರಬೇತಾದ, ಮೇಲಿನಿಂದ ಮಾರ್ಗದರ್ಶನ ಸಿಗುವ, ಇದೊಂದೇ ಕೆಲಸಕ್ಕಾಗಿ ಇರುವ ವ್ಯಕ್ತಿಯಿಂದಲೂ ದೊಡ್ಡ ಬದಲಾವಣೆ ಸಾಧ್ಯ.

ಕರ್ನಾಟಕ

ರಾಜ್ಯದಲ್ಲಿ ಸಂಪನ್ಮೂಲವಿದೆ, ಅದು ಹಂಚಿಹೋಗಿರುವ ರೀತಿ ಮಾತ್ರ ತೀರ ಅಸಮ. ಬೆಂಗಳೂರಿನ ದೊಡ್ಡ ಖಾಸಗಿ ಶಾಲೆಗಳಲ್ಲಿ ಪೂರ್ಣಾವಧಿ ಸಮಾಲೋಚಕರು, ವಿಶೇಷ ಶಿಕ್ಷಕರು, ಪ್ರತ್ಯೇಕ ಕೊಠಡಿ ಎಲ್ಲ ಇವೆ. ಸರ್ಕಾರಿ ಪ್ರೌಢಶಾಲೆಗಳಲ್ಲಿ ಈ ಹೊಣೆ ಸಾಮಾನ್ಯವಾಗಿ ಒಬ್ಬ ಶಿಕ್ಷಕಿಯ ಹೆಗಲಿಗೆ ಬೀಳುತ್ತದೆ. ಆದರೂ ಶಾಲೆಯ ಹೊರಗೆ ಆಸರೆಗಳುಂಟು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ‘ಮನೋಚೈತನ್ಯ’ ಚಿಕಿತ್ಸಾಲಯ, ಹದಿಹರೆಯದವರಿಗಾಗಿ ‘ಸ್ನೇಹ ಕ್ಲಿನಿಕ್’, ನಿಮ್ಹಾನ್ಸ್ ನೆರವಿನೊಂದಿಗೆ ರಾಜ್ಯದ ಯುವ ಸಬಲೀಕರಣ ಇಲಾಖೆ ನಡೆಸುವ ‘ಯುವ ಸ್ಪಂದನ’ ಕೇಂದ್ರಗಳು ಇವೆ. ಇವುಗಳ ವಿಳಾಸ ಮತ್ತು ದಿನ ಶಾಲೆಯ ಸೂಚನಾ ಫಲಕದಲ್ಲಿ ಇದ್ದರೆ ಎಷ್ಟೋ ಉಪಯೋಗ. ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಕನ್ನಡದಲ್ಲಿ ಬರೆದ ಪುಸ್ತಕಗಳೂ ಬೆಂಗಳೂರಿನಲ್ಲಿ ಅವರು ಕಟ್ಟಿದ ‘ಸಮಾಧಾನ’ ಆಪ್ತಸಲಹಾ ಕೇಂದ್ರವೂ ಈ ವಿಷಯವನ್ನು ಸಾಮಾನ್ಯ ಓದುಗರ ಮನೆಗೆ ಮುಟ್ಟಿಸಿವೆ.

ಅರ್ಹತೆ ಮತ್ತು ನೇಮಕ

ಮನಶ್ಶಾಸ್ತ್ರ, ಸಮಾಜಕಾರ್ಯ ಅಥವಾ ಮಕ್ಕಳ ಬೆಳವಣಿಗೆಯಲ್ಲಿ ಪದವಿ, ಜೊತೆಗೆ ಆಪ್ತಸಮಾಲೋಚನೆಯ ಡಿಪ್ಲೊಮಾ ಸಾಮಾನ್ಯವಾಗಿ ಕೇಳುವ ಅರ್ಹತೆ. ಎನ್‌ಸಿಇಆರ್‌ಟಿ ಶಿಕ್ಷಕರಿಗಾಗಿ ನಡೆಸುವ ಡಿಪ್ಲೊಮಾಕ್ಕೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಒಂದು ಅಧ್ಯಯನ ಕೇಂದ್ರ. ತರಬೇತಿಯ ಪಠ್ಯ ಬಹುಪಾಲು ಇಂಗ್ಲಿಷಿನಲ್ಲಿದೆ. ಬೇಸರ, ಸಂಕಟ, ತಳಮಳ, ಒಂಟಿತನ, ಹೆದರಿಕೆ ಎಂದು ಮಗು ಬೇರೆ ಬೇರೆಯಾಗಿ ಹೇಳುವುದನ್ನೆಲ್ಲ ‘ಸ್ಟ್ರೆಸ್’ ಎಂದು ಒಂದೇ ಕಡೆ ಬರೆದುಕೊಳ್ಳುವ ಸಮಾಲೋಚಕರಿಗೆ ಆ ಮಗುವಿನ ಅರ್ಧ ಕಥೆ ತಪ್ಪಿಹೋಗುತ್ತದೆ. ಕನ್ನಡದಲ್ಲಿ ಒಳ್ಳೆಯ ಪಠ್ಯಗಳನ್ನು ಸಿದ್ಧಪಡಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳು ಇನ್ನಷ್ಟು ಹಚ್ಚಿಕೊಂಡು ಮಾಡಬೇಕಾಗಿದೆ.

ನೇಮಕದ ಬಗೆಯೂ ಕೆಲಸದ ಗುಣವನ್ನು ನಿರ್ಧರಿಸುತ್ತದೆ. ಮಗು ಬಾಯಿ ಬಿಡಲು ಕೆಲವೊಮ್ಮೆ ಒಂದು ಶೈಕ್ಷಣಿಕ ಅವಧಿಯೇ ಹಿಡಿಯುತ್ತದೆ. ಶೈಕ್ಷಣಿಕ ವರ್ಷದ ಮಧ್ಯೆ ಗುತ್ತಿಗೆಯ ಮೇಲೆ ಬಂದು ಮಾರ್ಚಿಗೆ ಹೊರಡುವವರು ಆ ನಂಬಿಕೆಯ ಫಲವನ್ನು ಕಾಣುವುದೇ ಇಲ್ಲ. ಬೇಸಿಗೆ ರಜೆಯಲ್ಲಿ ಮನೆಯ ಪರಿಸ್ಥಿತಿ ಇನ್ನಷ್ಟು ಹದಗೆಟ್ಟು ಜೂನಿನಲ್ಲಿ ಮರಳಿದ ಮಗು ಹೊಸ ಮುಖದ ಎದುರು ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಗುತ್ತದೆ. ಸಮಾಲೋಚಕರನ್ನು ಗೈರುಹಾಜರಾದ ಶಿಕ್ಷಕರ ತರಗತಿಗೆ ಕಳಿಸುವುದು, ಪರೀಕ್ಷಾ ಮೇಲ್ವಿಚಾರಣೆಗೆ ಹಾಕುವುದು, ಶಿಸ್ತು ಸಮಿತಿಯಲ್ಲಿ ಕೂರಿಸುವುದು ಕೂಡ ಇದೇ ಬಗೆಯ ಹಾನಿ ಮಾಡುತ್ತವೆ. ನೂರು ಮಕ್ಕಳಿರುವ ಸಂಸ್ಥೆಗೆ ಒಬ್ಬರಾದರೂ ಇರಬೇಕು ಎಂಬ ಸುಪ್ರೀಂ ಕೋರ್ಟಿನ ಮಾತನ್ನು ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಬರೆದು ಮುಗಿಸಲು ಬಾರದು. ಬಾಗಿಲು ಮುಚ್ಚಬಹುದಾದ ಒಂದು ಕೊಠಡಿ, ಬೇರೆ ಹೊಣೆಯಿಲ್ಲದ ಪೂರ್ಣಾವಧಿ ಹುದ್ದೆ, ಕಷ್ಟದ ಪ್ರಕರಣಗಳನ್ನು ಚರ್ಚಿಸಲು ಜಿಲ್ಲಾ ಆಸ್ಪತ್ರೆಯ ತಜ್ಞರೊಂದಿಗೆ ತಿಂಗಳಿಗೊಂದು ಭೇಟಿ ಇವಿಷ್ಟನ್ನೂ ರಾಜ್ಯಗಳು ತಮ್ಮ ಆಯವ್ಯಯದಲ್ಲಿ ಸೇರಿಸಬೇಕು.